ಮೆಟ್ಟಿಲಡಿಯ ಟೈಪಕ್ಕ

ಬೆಳಗಿನ ಬೆಳಕು ಕುಟುಂಬ ನ್ಯಾಯಾಲಯದ ಗೋಡೆಯ ನೆತ್ತಿಯನ್ನಷ್ಟೇ ಮುಟ್ಟಿದೆ, ಬೀದಿಯಿನ್ನೂ ಮಬ್ಬಿನಲ್ಲಿದೆ. ಎದುರಿಗಿರುವ ಎರಡಂತಸ್ತಿನ ಹಳೆಯ ಕಟ್ಟಡದ ಕಲ್ಲುಮೆಟ್ಟಿಲುಗಳನ್ನು ಐವತ್ತು ದಾಟಿದ ಹೆಂಗಸೊಬ್ಬರು ಮೇಲಿನಿಂದ ಕೆಳಕ್ಕೆ ಗುಡಿಸುತ್ತ ಇಳಿಯುತ್ತಿದ್ದಾರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈ ಗೋಡೆಯ ಮೇಲೆ. ಮೆಟ್ಟಿಲಿನ ಹೊರಬದಿಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಹಿಂದೊಮ್ಮೆ ಅಲ್ಲಿ ಕಬ್ಬಿಣದ ಕಂಬಿಯಿತ್ತೆಂಬುದಕ್ಕೆ ಸಾಕ್ಷಿಯಾಗಿ ಕಲ್ಲಿನಲ್ಲಿ ತುಕ್ಕು ಬಳಿದ ತೂತುಗಳು ಉಳಿದಿವೆ. ಈ ಮೆಟ್ಟಿಲು ಅವರದಲ್ಲ. ಅದು ಮೇಲಂತಸ್ತಿನ ವಕೀಲರ ಕಚೇರಿಗೆ ಹೋಗುವ ದಾರಿ. ಅವರದು ಅದರಡಿಯ ಕಿರುಗೂಡು.

"ಮೇಲೆ ಹತ್ತೋರ ಕಾಲಿಗೆ ಕಸ ಸಿಗಬಾರದು," ಎನ್ನುತ್ತಾರೆ, ಕೊನೆಯ ಮೆಟ್ಟಿಲಿನ ಧೂಳನ್ನು ಒಂದೆಡೆ ಗುಡ್ಡೆ ಹಾಕುತ್ತ. "ಮೊದಲೇ ಕಾಲು ನಿಂತಲ್ಲಿ ನಿಲ್ಲಲ್ಲ ಪಾಪ. ಜಾರಿ ಬಿದ್ರೆ ಅಪಶಕುನ ಅಂತ ವಾಪಸ್ ಮನೆಗೇ ಹೋಗ್ಬಿಡ್ತಾರೆ."

ಬೀದಿಯವರ ಬಾಯಲ್ಲಿ ಇವರು ಟೈಪಕ್ಕ. ಇವರ ಬಗ್ಗೆ ಬರೆಯಲೆಂದು ಬಂದು ಕುಳಿತ ಮೇಷ್ಟ್ರು ಹುಟ್ಟಿದಾಗ ಇಟ್ಟ ಹೆಸರನ್ನು ಕೇಳಿದರೆ, "ಅದನ್ನ ಹಿಡಿದು ಕರೆಯೋರು ಯಾರೂ ಉಳಿದಿಲ್ಲ ಮೇಷ್ಟ್ರೇ, ಇದನ್ನೇ ಬರ್ಕೊಳ್ಳಿ," ಎಂದು ನಗುತ್ತಾರೆ. ವಿವಾಹವಿಚ್ಛೇದನವನ್ನು ಬಯಸಿ ನ್ಯಾಯಾಲಯದ ಬಾಗಿಲಿಗೆ ಬರುವವರಿಗೆ ಅರ್ಜಿ, ಒಪ್ಪಂದಪತ್ರ, ಪ್ರಮಾಣಪತ್ರಗಳನ್ನು ಕ್ರಮಬದ್ಧವಾಗಿ ಬರೆದುಕೊಡುವುದು ಅವರ ಕಾಯಕ. ಮೇಜಿನ ಹಿಂದೆ ತೂಗುಹಾಕಿದ ಹಲಗೆಯಲ್ಲಿ ಎರಡೇ ಸಾಲುಗಳಿವೆ: ಇಲ್ಲಿ ಬರೆದುಕೊಡಲಾಗುತ್ತದೆ. ಇಲ್ಲಿ ಸಲಹೆ ನೀಡಲಾಗುವುದಿಲ್ಲ. ಎರಡನೆಯ ಸಾಲು ನ್ಯಾಯಾಲಯದ ಕಟ್ಟಪ್ಪಣೆ. ಸಲಹೆ ಕೊಡುವ ಅಧಿಕಾರ ವಕೀಲರದು. ಅರ್ಜಿ ಬರೆಯುವವರು ಆ ಗೆರೆ ದಾಟಿದರೆ ಹಲಗೆ ಇಳಿಸಬೇಕಾಗುತ್ತದೆ.

ಗೂಡಿನಲ್ಲಿ ಒಂದು ಹಳೆಯ ಕಂಪ್ಯೂಟರ್, ಗೊರಗೊರ ಸದ್ದಿನ ಒಂದು ಪ್ರಿಂಟರ್, ಬಂದವರಿಗೆಂದು ಒಂದೇ ಒಂದು ಕುರ್ಚಿ. ಗಂಡಹೆಂಡಿರು ಜೊತೆಯಾಗಿ ಬಂದಾಗಲೂ ಕುರ್ಚಿ ಒಂದೇ. ಇನ್ನೊಂದನ್ನು ಹಾಕಲು ಜಾಗವಿಲ್ಲವೆಂದು ಟೈಪಕ್ಕ ಎಲ್ಲರಿಗೂ ಹೇಳುತ್ತಾರೆ. ಮೂಲೆಯಲ್ಲಿ ಮಡಚಿಟ್ಟ ಎರಡನೆಯ ಕುರ್ಚಿಯ ಮೇಲೆ ಬಟ್ಟೆ ಹೊದಿಸಿರುವುದು ತುಸು ಹೊತ್ತು ಕುಳಿತವರಿಗೆ ಮಾತ್ರ ಕಾಣುತ್ತದೆ.

ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ವಕೀಲರು ಬೇಕೇ, ನೀವೇ ಸಾಕೇ? ವಕೀಲರೆಂದರೆ ವೆಚ್ಚ, ವಿಳಂಬ, ಜಗಳ ಎಂಬ ಅಂಜಿಕೆ ಆ ಪ್ರಶ್ನೆಯ ಹಿಂದಿರುತ್ತದೆ. ಸಲಹೆ ಕೊಡುವಂತಿಲ್ಲದ ಟೈಪಕ್ಕ ಅದಕ್ಕೆ ಉತ್ತರಿಸುವುದಿಲ್ಲ. ಅವರ ಕ್ರಮವೇ ಬೇರೆ. ಒಬ್ಬರನ್ನು ಗುರುತಿನ ಕಾಗದದ ಜೆರಾಕ್ಸ್ ತರಲು ಅಟ್ಟುತ್ತಾರೆ; ಉಳಿದವರನ್ನು ಕೂರಿಸಿ, ನಿನ್ನೆಯ ದಿನವನ್ನು ಎದ್ದಲ್ಲಿಂದ ಮಲಗುವವರೆಗೆ ಹೇಳಿ ಎನ್ನುತ್ತಾರೆ. ಆಮೇಲೆ ಸರದಿ ಬದಲು. ಇಬ್ಬರ ದಿನವನ್ನೂ ಕೇಳಿಯೇ ಬೆರಳು ಕೀಲಿಗಳ ಮೇಲೆ ಇಳಿಯಬೇಕು.

"ಇಬ್ಬರಿಗೂ ಬಾಯಿ ಇದ್ರೆ ನಾನು ಸಾಕು ಮೇಷ್ಟ್ರೇ. ಒಬ್ಬರಿಗೇ ಬಾಯಿ ಇದ್ರೆ ನಾನು ಬರೆಯಲ್ಲ. ಮೇಲಕ್ಕೆ ಹೋಗಿ ಅಂತೀನಿ, ಅಷ್ಟೇ. ದಾರಿ ತೋರಿಸೋದು ಸಲಹೆ ಅಲ್ವಲ್ಲ?"

ದಿನಕ್ಕೆ ಆರೇಳು ಜೋಡಿ ಬರುತ್ತವೆ. ಅರ್ಧದಷ್ಟು ಮಂದಿ ಮೆಟ್ಟಿಲು ಹತ್ತುತ್ತಾರೆ. ಮೇಲಿನ ವಕೀಲಮ್ಮನವರು ಮಂಡಿನೋವಿನ, ಗಟ್ಟಿಗಂಟಲಿನ ಹಿರಿಯರು. ವ್ಯಾಜ್ಯವಿಲ್ಲದ ಜೋಡಿಗಳನ್ನು ಅವರೂ "ನನ್ನ ಹತ್ತಿರ ಏನು ಕೆಲಸ, ಕೆಳಗೆ ಹೋಗಿ," ಎಂದು ಇಳಿಸಿಬಿಡುತ್ತಾರೆ. "ನನ್ನ ಅರ್ಧ ಕಕ್ಷಿದಾರರನ್ನ ಕಳಿಸಿದವಳೂ ಇವಳೇ, ಇನ್ನರ್ಧ ಕಿತ್ಕೊಂಡವಳೂ ಇವಳೇ," ಎಂಬುದು ಅವರ ದೂರು. ದೂರುವಾಗ ಕೈಯಲ್ಲಿ ಟೈಪಕ್ಕ ಕೊಡಿಸಿದ ಚಹಾದ ಲೋಟವಿರುತ್ತದೆ.

ನಿಜವಾದ ಸಿಟ್ಟು ಇರುವುದು ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ. ಎರಡು ಗೂಡುಗಳ ನಡುವೆ ತೆಳ್ಳನೆಯ ಹಲಗೆಯ ಗೋಡೆ. ಟೈಪಕ್ಕ ಮಾತ್ರ ಪ್ರತಿಯೊಬ್ಬರನ್ನೂ ಆಚೆ ಬೀದಿಯ ಕೊನೆಯ ಅಂಗಡಿಗೆ ಕಳಿಸುತ್ತಾರೆ.

"ಅಲ್ಲ ಅಕ್ಕಾ, ಕೈ ಚಾಚಿದ್ರೆ ಸಿಗ್ತೀನಿ ನಾನು. ನನ್ನ ಮಿಷನ್ ಕೆಟ್ಟಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀಯಲ್ಲ. ಮೊನ್ನೆ ನನ್ನ ಮಾವನೇ ಬಂದು 'ಪಾಪ, ಇನ್ನೂ ರಿಪೇರಿ ಆಗಿಲ್ವಾ' ಅಂತ ಕೇಳ್ತಾರೆ!"

"ನಿನ್ನದು ತುಂಬ ಬೇಗ ಆಗುತ್ತಪ್ಪ. ಒಂದು ಮಾತು ಮುಗಿಯೋ ಅಷ್ಟರಲ್ಲಿ ಕಾಗದ ಹಿಡ್ಕೊಂಡು ವಾಪಸ್ ಬಂದಿರ್ತಾರೆ. ನಿಧಾನವಾಗಿ ತೆಗಿ, ಕಳಿಸ್ತೀನಿ."

ಈ ಕ್ರಮ ಎಲ್ಲಿಂದ ಬಂತೆಂದು ಕೇಳಿದಾಗ ಟೈಪಕ್ಕ ಕೀಲಿಮಣೆಯ ಧೂಳನ್ನು ಒರೆಸತೊಡಗುತ್ತಾರೆ. ಇಪ್ಪತ್ತೈದರ ಪ್ರಾಯದಲ್ಲಿ ಅವರೇ ಈ ಗೂಡಿಗೆ ಬಂದಿದ್ದರು, ತಮ್ಮದೇ ವಿಚ್ಛೇದನದ ಕಾಗದಕ್ಕಾಗಿ, ಮೇಜಿನ ಈಚೆ ಬದಿಗೆ. ಆಗ ಇಲ್ಲಿ ವೃದ್ಧರೊಬ್ಬರು ಟೈಪ್ ಮಾಡುತ್ತಿದ್ದರು. ಗಂಡ ಹೇಳುತ್ತ ಹೋದರು, ವೃದ್ಧರು ಅಚ್ಚೊತ್ತುತ್ತ ಹೋದರು. ಕೊನೆಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದರು, ಮುಚ್ಚುಮರೆಯೇನೂ ಇರಲಿಲ್ಲ.

"ಮಗ ಅಪ್ಪನ ಹತ್ತಿರ ಇರ್ತಾನೆ ಅಂತ ಓದಿದ್ರು. ಕಿವಿಗೆ ಬಿತ್ತು. ತಲೆ ಅಲ್ಲಾಡಿಸಿದೆ. ಏಳು ವರ್ಷ ಅಲ್ಲಾಡಿಸಿ ಅಲ್ಲಾಡಿಸಿ ಅಭ್ಯಾಸ ಆಗಿತ್ತು ನೋಡಿ, ಅದು ತಾನಾಗೇ ಅಲ್ಲಾಡ್ತು. ಮನೆಗೆ ಹೋಗಿ ಮಗನ ಅಂಗಿ ಒಣಗಿಹಾಕೋಕೆ ಕೈ ಎತ್ತಿದಾಗಲೇ ನನಗೆ ಗೊತ್ತಾಗಿದ್ದು, ಏನು ಮಾಡ್ಕೊಂಡೆ ಅಂತ."

ಮರುದಿನ ಬಂದು ಕಿರುಚಾಡಿದರಂತೆ. ವೃದ್ಧರು ಬೆವರಿಹೋದರು. "ಹೇಳಿದ್ದನ್ನ ಬರೆದೆ ತಾಯಿ, ಹೇಳಿದ್ದನ್ನ ಬರೆಯೋದು ನನ್ನ ಕೆಲಸ," ಎಂದು ಹಲವು ಬಾರಿ ಹೇಳಿದರು. ಆಮೇಲೆ ತಮ್ಮ ಕುರ್ಚಿಯಿಂದ ಎದ್ದು ಆಕೆಯನ್ನು ಅದರಲ್ಲಿ ಕೂರಿಸಿ, ಬೆರಳು ಎಲ್ಲಿಡಬೇಕೆಂದು ತೋರಿಸಿದರು.

ಮಗ ಈಗ ಬೆಳೆದಿದ್ದಾರೆ. ಬರುತ್ತಾರೆಯೇ?

"ಬರ್ತಾನೆ. ಒಳ್ಳೆಯವನು. 'ಅಮ್ಮಾ, ನೀವು ಊಟ ಮಾಡಿದ್ರಾ' ಅಂತ ಕೇಳ್ತಾನೆ." ಟೈಪಕ್ಕ ಬೀದಿಯ ಕಡೆ ತಿರುಗುತ್ತಾರೆ. "'ನೀವು' ಅಂತಾನೆ ಮೇಷ್ಟ್ರೇ. ಹೆತ್ತವಳನ್ನ ಯಾರಾದ್ರೂ ಹಾಗೆ ಬಹುವಚನದಲ್ಲಿ ದೂರ ಕೂರಿಸ್ತಾರಾ? ನಮ್ಮ ಮಧ್ಯೆ ಜಗಳ ಇಲ್ಲ, ಮರ್ಯಾದೆ ಇದೆ, ಅದೇ ಕಷ್ಟ."

ವಿವಾಹವನ್ನು ದೇವರೆದುರು ಆಡಿದ ಮಾತೆಂದು ನಂಬಿದವರಿಗೆ ಈ ಗೂಡಿನ ಬಳಿ ಕುಳಿತುಕೊಳ್ಳುವುದು ಸುಲಭವಲ್ಲ. ಬಿಸಿಲೇರುವ ಮೊದಲೇ ಕಿವಿಗೆ ಬೀಳುವ ಸಂಗತಿಗಳು ಎದೆಯನ್ನು ಒರಟಾಗಿ ತಟ್ಟುತ್ತವೆ. ಹಲ್ಲುಜ್ಜುವ ಬ್ರಷ್ಷು ಯಾರಿಗೆ ಸೇರಬೇಕೆಂದು ಕಾದಾಡಿದ ಜೋಡಿಯೊಂದು ಈಗಷ್ಟೇ ಹೋಗಿದೆ. ಹಾಗಾಗಿಯೇ ಅನಂತರ ಬಂದ ದಂಪತಿಗಳು ಬಿಸಿಲಿನಲ್ಲಿ ನೆರಳು ಸಿಕ್ಕಂತೆ ಕಾಣುತ್ತಾರೆ. ಗಂಡ ಬೀಗ ರಿಪೇರಿಯವನು. ಸೊಂಟದಲ್ಲಿ ಬೀಗದಕೈಗಳ ದೊಡ್ಡ ಗೊಂಚಲು. ಹೆಂಡತಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಕೈಗಳು ಸೋಪಿನ ನೀರಿಗೆ ಬಿಳಿಚಿಕೊಂಡಿವೆ. ಜಗಳವಿಲ್ಲ, ಕಣ್ಣೀರಿಲ್ಲ. ಮೆಟ್ಟಿಲ ಬಳಿ ನೀರು ನಿಂತಿದ್ದ ಕಡೆ ಆತ ಆಕೆಯನ್ನು ತೋಳು ಹಿಡಿದು ದಾಟಿಸುತ್ತಾನೆ. ಕಾದು ನಿಂತವರಲ್ಲೊಬ್ಬರು, "ನೋಡಿ, ಬಿಡೋದಾದ್ರೆ ಹೀಗೆ ಬಿಡಬೇಕು," ಎನ್ನುತ್ತಾರೆ. ಹೌದೆನ್ನಿಸುತ್ತದೆ.

"ಇಬ್ರೂ ಒಪ್ಪಿದ್ದೀವಿ ಅಕ್ಕಾ," ಎನ್ನುತ್ತಾನೆ ಆತ ನಗುತ್ತ. "ಇವಳು ಕೇಳಿದ್ಲು, ನಾನು ಆಗಲಿ ಅಂದೆ. ಮಗಳು ನನ್ನ ಹತ್ತಿರ ಇರ್ತಾಳೆ. ವಕೀಲರ ಗೋಜು ಬೇಡ. ಬರೆದುಕೊಟ್ಬಿಡಿ, ಸಹಿ ಹಾಕಿ ಹೋಗ್ತೀವಿ."

"ಗುರುತಿನ ಕಾಗದದ ಜೆರಾಕ್ಸ್ ಬೇಕಪ್ಪ. ಆಚೆ ಬೀದಿ, ಕೊನೇ ಅಂಗಡಿ."

ಆತ ಹೋಗುತ್ತಾನೆ. ಹೆಂಡತಿ ಕುರ್ಚಿಯ ಅಂಚಿನಲ್ಲಿ ಕೂರುತ್ತಾಳೆ. ನಿನ್ನೆಯ ದಿನ ಹೇಳು ಎಂದಾಗ ನಾಚಿಕೆಯಿಂದ ನಗುತ್ತಾಳೆ.

"ಅದರಲ್ಲೇನಿದೆ ಅಕ್ಕಾ. ಬೆಳಿಗ್ಗೆ ಎದ್ದೆ. ಬಾಗಿಲು ತಟ್ಟಿದೆ. ಅವರು ಬಂದು ತೆಗೆದ್ರು. ಒಲೆ ಹಚ್ಚಿದೆ..."

"ನಿಲ್ಲಮ್ಮ. ಎಲ್ಲಿಂದ ತಟ್ಟಿದೆ?"

"ಒಳಗಿಂದ."

ಟೈಪಕ್ಕನ ಬೆರಳುಗಳು ಗಾಳಿಯಲ್ಲೇ ನಿಲ್ಲುತ್ತವೆ. ಹಲಗೆಯಾಚೆ ಜೆರಾಕ್ಸ್ ಯಂತ್ರದ ಸದ್ದೂ ನಿಲ್ಲುತ್ತದೆ.

"ರಾತ್ರಿ ಹೊರಗಿಂದ ಬೀಗ ಹಾಕ್ತಾರೆ," ಎನ್ನುತ್ತಾಳೆ ಆಕೆ, ಒಗೆದ ಬಟ್ಟೆಯ ವಿಚಾರ ಹೇಳುವ ದನಿಯಲ್ಲಿ. "ಒಂದ್ಸಲ ಹೇಳದೆ ನಮ್ಮಕ್ಕನ ಮನೆಗೆ ಹೋಗಿದ್ದೆ. ಆವತ್ತಿಂದ. ಎರಡು ವರ್ಷ ಆಗಿರಬಹುದು. ಹೊಡೆಯಲ್ಲ ಅಕ್ಕಾ, ಬೈಯೋದೂ ಇಲ್ಲ. ಜೋರಾಗಿ ತಟ್ಟಿದ್ರೆ ಮಾತ್ರ ಅವರಿಗೆ ಸಿಟ್ಟು ಬರುತ್ತೆ."

"ಮಗು?"

"ನನ್ನ ಜೊತೇಲೇ ಮಲಗ್ತಾಳೆ. ಈಗೀಗ ಅವಳ ಕೈಲೇ ತಟ್ಟಿಸ್ತೀನಿ. ಪುಟ್ಟ ಕೈ ನೋಡಿ, ಸದ್ದು ಮೆತ್ತಗಿರುತ್ತೆ. ಅವಳು ತಟ್ಟಿದ್ರೆ ಬೇಗ ತೆಗೀತಾರೆ."

ಕೆಲವು ಮಾತುಗಳನ್ನು ಕೇಳಿದ ಮೇಲೆ, ಕೇಳುವ ಮೊದಲಿನ ಮನುಷ್ಯನಾಗಿ ಮರಳುವುದು ಸಾಧ್ಯವಿಲ್ಲ. ಇದು ಅಂಥದು. ತೋಳು ಹಿಡಿದು ನೀರು ದಾಟಿಸಿದ ಕೈಯೂ ಬೀಗ ತಿರುಗಿಸುವ ಕೈಯೂ ಒಂದೇ. ಅದನ್ನು ಹೇಳುತ್ತಿರುವ ಮುಖದಲ್ಲಿ ದೂರಿನ ಗೆರೆಯೊಂದೂ ಇಲ್ಲ. ಅವಮಾನಕ್ಕಿಂತ ಅವಮಾನದ ಅರಿವಿಲ್ಲದಿರುವಿಕೆಯೇ ಹೆಚ್ಚು ಭೀಕರವೆಂದು ಗ್ರಂಥಗಳಲ್ಲಿ ಓದಿದವರೂ ಅದನ್ನು ಹೀಗೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಂಡಿರಲಾರರು.

ಟೈಪಕ್ಕ ಎತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಈ ಕಾಗದ ನಾನು ಬರೆಯಲ್ಲ ಕಣಮ್ಮ. ಮೇಲೆ ವಕೀಲಮ್ಮ ಇದ್ದಾರೆ."

ಈಗ ಮೊದಲ ಬಾರಿಗೆ ಆಕೆಯ ದನಿ ಏರುತ್ತದೆ. "ಬೇಡ ಅಕ್ಕಾ! ವಕೀಲರ ಹತ್ರ ಹೋದ್ರೆ ಕೊಟ್ಟ ಒಪ್ಪಿಗೆ ವಾಪಸ್ ತಗೋತೀನಿ ಅಂದಿದ್ದಾರೆ. ಹತ್ತು ವರ್ಷ ಎಳೀತಾರಂತೆ. ಎಷ್ಟು ಕಷ್ಟಪಟ್ಟು ಹೂಂ ಅನ್ನಿಸಿದ್ದೀನಿ ಗೊತ್ತಾ? ನೀವು ಬರೀರಿ. ನಾನು ಹೊರಗೆ ಬರಬೇಕು, ಅಷ್ಟೇ."

"ನೀನು ಬರ್ತೀಯ."

"ಹೂಂ."

"ನಾಳೆ ಬೆಳಿಗ್ಗೆ ಒಳಗಿಂದ ತಟ್ಟೋರು ಯಾರು?"

"ನಾನು ಹೋದ ಮೇಲೆ ಬೀಗ ಹಾಕಲ್ಲ ಅಂದಿದ್ದಾರೆ..." ಎಂದು ಶುರುವಾದ ಮಾತು ಮುಗಿಯುವುದಿಲ್ಲ. ತನ್ನ ಬಿಳಿಚಿದ ಬಲಗೈಯನ್ನು ತಿರುಗಿಸಿ ಬೆರಳ ಗೆಣ್ಣುಗಳನ್ನು ನೋಡುತ್ತಾಳೆ. ನೋಡುತ್ತ ನೋಡುತ್ತ ಮುಖದ ಬಣ್ಣ ಇಳಿದುಹೋಗುತ್ತದೆ. ಟೈಪಕ್ಕ ಸಲಹೆ ಕೊಟ್ಟಿಲ್ಲ, ಕೇಳಿದ್ದಾರೆ, ಅಷ್ಟೇ.

ಅಷ್ಟರಲ್ಲಿ ಗೊಂಚಲಿನ ಸದ್ದು. ಗಂಡ ಪ್ರತಿಗಳೊಂದಿಗೆ ಮರಳಿದ್ದಾನೆ. ಆಕೆ ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಾಳೆ. ಟೈಪಕ್ಕ ಕಾಗದ ತಿರುಗಿಸಿ ನೋಡಿ, "ಹಿಂಬದಿ ತೆಗೆಸಿಲ್ವಲ್ಲಪ್ಪ," ಎನ್ನುತ್ತಾರೆ.

"ಪಕ್ಕದಲ್ಲೇ ಇದೆಯಲ್ಲ, ಆಗ್ಲೇ ಓಡ್ತಾ ಇತ್ತು ಮಿಷನ್ನು," ಎಂದು ಆತ ಎರಡು ಹೆಜ್ಜೆಯಿಡುತ್ತಾನೆ.

ಜೆರಾಕ್ಸಿನವರು ಹಲಗೆಯಾಚೆ ಎಲ್ಲವನ್ನೂ ಕೇಳಿದ್ದಾರೆ. ಇಷ್ಟು ವರ್ಷ ತಮ್ಮ ಯಂತ್ರದ ಮಾನಕ್ಕಾಗಿ ಹೊಡೆದಾಡಿದ ಆ ಮನುಷ್ಯ ಬಗ್ಗಿ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿಯುತ್ತಾರೆ.

"ಕೆಟ್ಟೋಯ್ತು ಸ್ವಾಮಿ."

"ಈಗ ತಾನೇ ಓಡ್ತಿತ್ತು!"

"ಓಡಿ ಓಡಿ ಕೆಟ್ಟೋಯ್ತು. ಆಚೆ ಬೀದಿಗೆ ಹೋಗಿ."

ಆತ ಗೊಣಗುತ್ತ ತಿರುವಿನಲ್ಲಿ ಮರೆಯಾಗುತ್ತಾನೆ. ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಾಳೆ. ಒಂದು ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಮತ್ತೆ ಹತ್ತುತ್ತಾಳೆ. ಹೊರಬದಿಯ ಕೈ ಗಾಳಿಯಲ್ಲಿ ಏನನ್ನೋ ತಡಕುತ್ತದೆ. ಸಿಗದೆ, ಗೋಡೆಗೆ ಒರಗುತ್ತದೆ. ಮೇಲಿನ ಬಾಗಿಲು ಮುಚ್ಚಿದೆ. ಆಕೆ ಅದರೆದುರು ನಿಂತು ಮೆಲ್ಲನೆ, ಎಷ್ಟು ಮೆಲ್ಲನೆಂದರೆ ಕೆಳಗಿರುವವರಿಗೂ ಕೇಳಿಸದಂತೆ, ತಟ್ಟುತ್ತಾಳೆ.

"ಅದು ತಟ್ಟೋ ಬಾಗಿಲಲ್ಲಮ್ಮ," ಎಂದು ಟೈಪಕ್ಕ ಕೂಗುತ್ತಾರೆ. "ತಳ್ಳು!"

ಗಂಡ ಮರಳಿ ಬಂದಾಗ ಕುರ್ಚಿ ಖಾಲಿ. ಕೆಳಗಿನ ಮೆಟ್ಟಿಲಿನ ಮೇಲೆ ಟೈಪಕ್ಕ ಚಹಾ ಕುಡಿಯುತ್ತ ಕುಳಿತಿದ್ದಾರೆ. ಅದರ ಮೇಲಿನದರಲ್ಲಿ ಜೆರಾಕ್ಸಿನವರು. ಕಿರಿದಾದ ಮೆಟ್ಟಿಲು, ಇಬ್ಬರನ್ನೂ ದಾಟದೆ ಯಾರೂ ಮೇಲೆ ಹೋಗಲಾರರು.

"ಎಲ್ಲಿ ಅವಳು?"

"ಮೇಲೆ ಹೋದ್ಲು."

"ಯಾರನ್ನ ಕೇಳಿ?" ನಗು ಮುಖದಿಂದ ಬಿದ್ದುಹೋಗಿದೆ. "ಏಳಯ್ಯ ನೀನು!"

"ಎಲ್ಲಿಗೆ ಏಳಲಿ? ಮಿಷನ್ ಕೆಟ್ಟಿದೆ, ಕೆಲಸ ಇಲ್ಲ," ಎನ್ನುತ್ತಾರೆ ಜೆರಾಕ್ಸಿನವರು, ಕಾಲು ಚಾಚುತ್ತ.

"ಏನಮ್ಮಾ, ಸಲಹೆ ಕೊಡಬಾರದು ಅಂತ ಬೋರ್ಡ್ ಹಾಕ್ಕೊಂಡು ಹೆಂಗಸರನ್ನ ಎತ್ತಿಕಟ್ತೀಯಾ? ನಿನ್ನ ಮೇಲೆ ದೂರು ಕೊಡ್ತೀನಿ. ಈ ಹಲಗೆ ಇಳಿಸ್ತೀನಿ."

ಬೆದರಿಕೆ ಪೊಳ್ಳಲ್ಲ, ಹಲಗೆ ಇಳಿದರೆ ಟೈಪಕ್ಕನಿಗೆ ಬೇರೆ ಬದುಕಿಲ್ಲ. ಅವರು ಲೋಟವನ್ನು ಕೆಳಗಿಟ್ಟು ಏಳುತ್ತಾರೆ. "ಕೊಡಪ್ಪ. ಬರೆಯೋಕೆ ಬರದಿದ್ರೆ ನಾನೇ ಬರೆದುಕೊಡ್ತೀನಿ. ಹಿಂದೆಯೂ ಒಂದಿಬ್ಬರಿಗೆ ಬರೆದುಕೊಟ್ಟಿದ್ದೀನಿ."

ಆತ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ; ಆಮೇಲೆ ರೋಷದಿಂದ ಕುರ್ಚಿಯಲ್ಲಿ ಕೂರುತ್ತಾನೆ. ಈಗ ನಡೆಯುವುದು ಆ ಬೆಳಗಿನ ಎರಡನೆಯ ಆಘಾತ. ತಮ್ಮ ಮೇಲಿನ ದೂರನ್ನು ಟೈಪಕ್ಕ ತಾವೇ ಟೈಪ್ ಮಾಡುತ್ತಿದ್ದಾರೆ, ಆತ ಹೇಳುತ್ತಿದ್ದಾನೆ. ನನ್ನ ಹೆಂಡತಿಯನ್ನು ನನ್ನ ಅನುಮತಿಯಿಲ್ಲದೆ ವಕೀಲರ ಬಳಿಗೆ ಕಳಿಸಿದ್ದಾರೆ. ಆಕೆಗೆ ಸ್ವಂತ ಬುದ್ಧಿಯಿಲ್ಲ. ಆಕೆಯ ಮತ್ತು ಮಗುವಿನ ಒಳಿತಿಗಾಗಿಯೇ ಎರಡು ವರ್ಷಗಳಿಂದ ಪ್ರತಿ ರಾತ್ರಿ ಕೋಣೆಗೆ ಬೀಗ ಹಾಕಿ ಕಾಪಾಡಿಕೊಂಡು ಬಂದಿದ್ದೇನೆ. ದನಿಯಲ್ಲಿ ಅಳುಕಿಲ್ಲ. ಹೆಮ್ಮೆಯಿದೆ. ಕಾದು ನಿಂತವರಲ್ಲಿ ಆಗ 'ಹೀಗೆ ಬಿಡಬೇಕು' ಎಂದು ಹೊಗಳಿದ್ದವರು ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ.

ಟೈಪಕ್ಕ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. "ಸರಿ ಇದೆಯಾ?" ಆತ ತಲೆ ಅಲ್ಲಾಡಿಸುತ್ತಾನೆ. "ತಲೆ ಬೇಡಪ್ಪ, ಬಾಯಲ್ಲಿ ಹೇಳು."

"ಸರಿ ಇದೆ."

"ಸಹಿ ಹಾಕು. ನನ್ನ ಮೇಲಿನ ದೂರು, ನನಗೊಂದು ಪ್ರತಿ ಬೇಕಲ್ಲ?" ಟೈಪಕ್ಕ ಮೆಟ್ಟಿಲಿನ ಕಡೆ ತಿರುಗುತ್ತಾರೆ. "ಏನಪ್ಪಾ, ಆಯ್ತಾ ನಿನ್ನ ಮಿಷನ್ನು?"

ಜೆರಾಕ್ಸಿನವರು ಮೆಟ್ಟಿಲಿನಿಂದೆದ್ದು ತಮ್ಮ ಗೂಡಿಗೆ ಹೋಗಿ ಪ್ಲಗ್ಗನ್ನು ಚುಚ್ಚುತ್ತಾರೆ. "ಈಗಷ್ಟೇ ರಿಪೇರಿ ಆಯ್ತು ಅಕ್ಕಾ."

ದೂರು ಸ್ವೀಕರಿಸುವ ಕಿಟಕಿ ನ್ಯಾಯಾಲಯದ ಹಿಂಬದಿಯಲ್ಲಿದೆ. ಅಲ್ಲಿ ಬೆಳಗಿನ ಸಾಲು ಕಟ್ಟಡವನ್ನು ಸುತ್ತಿಕೊಂಡಿರುತ್ತದೆ. ಆತ ಕಾಗದ ಹಿಡಿದು ಅತ್ತ ಹೋಗುತ್ತಾನೆ. ಬೀಗ ಹಾಕಿದ್ದನ್ನು ಆತನೇ ಒಪ್ಪಿ ಸಹಿ ಮಾಡಿದ ಪ್ರತಿ ಜೆರಾಕ್ಸಿನವರ ಕೈಯಲ್ಲಿ ಮೆಟ್ಟಿಲೇರಿ ವಕೀಲಮ್ಮನವರ ಬಳಿಗೆ ಹೋಗುತ್ತದೆ.

"ಹೇಳಿದ್ದನ್ನ ಬರೆದೆ," ಎನ್ನುತ್ತಾರೆ ಟೈಪಕ್ಕ. "ಹೇಳಿದ್ದನ್ನ ಬರೆಯೋದು ನನ್ನ ಕೆಲಸ." ಲೋಟದ ಚಹಾ ತಣ್ಣಗಾಗಿದೆ.

ಮೇಲಿನ ಬಾಗಿಲು ತೆರೆದುಕೊಳ್ಳುತ್ತದೆ. ವಕೀಲಮ್ಮನವರು ಮಂಡಿಯನ್ನು ಶಪಿಸುತ್ತ ಇಳಿಯುತ್ತಿದ್ದಾರೆ; ಅವರ ಒಂದು ಕೈ ಆಕೆಯ ಭುಜದ ಮೇಲೆ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆಂದು ಹೇಳುವುದು ಕಷ್ಟ. "ಮೊದಲು ಶಾಲೆ, ಮಗು ನಮ್ಮ ಕೈಗೆ ಬರಲಿ," ಎನ್ನುತ್ತಾರೆ ಅವರು. "ಅಲ್ಲಿಂದ ಇವಳ ಅಕ್ಕನ ಮನೆ. ಕೋರ್ಟಿನ ಮಾತು ಆಮೇಲೆ. ಸುಲಭ ಅಂತ ನಾನು ಹೇಳಲ್ಲ. ಆದ್ರೆ ಆ ಮನೆಗೆ ಇವತ್ತು ಇಬ್ಬರೂ ಹೋಗೋದಿಲ್ಲ."

ಆಕೆ ಗೂಡಿನ ಮುಂದೆ ನಿಲ್ಲುತ್ತಾಳೆ. "ಅಕ್ಕಾ, ನಾಳೆ ಬೆಳಿಗ್ಗೆ ನಾವು ತಟ್ಟೋದು ಬೇಡ ಅಲ್ವಾ?"

ಟೈಪಕ್ಕ ಹಿಂದಿನ ಹಲಗೆಯನ್ನೊಮ್ಮೆ, ಅದರ ಎರಡನೆಯ ಸಾಲನ್ನೊಮ್ಮೆ ನೋಡುತ್ತಾರೆ.

"ಬೇಡ," ಎನ್ನುತ್ತಾರೆ. ಇಷ್ಟು ವರ್ಷಗಳ ವೃತ್ತಿಯಲ್ಲಿ ಅವರು ಕೊಟ್ಟ ಮೊದಲ ಸಲಹೆ ಇದೇ ಇರಬೇಕು.

ಇಬ್ಬರೂ ಬೀದಿ ದಾಟಿ ಹೋಗುತ್ತಾರೆ. ಕುರ್ಚಿಗೆ ಆಗಲೇ ಮತ್ತೊಬ್ಬರು ಬಂದು ಕೂತಿದ್ದಾರೆ, ಅವರ ಹೆಂಡತಿ ಆಚೆ ಬೀದಿಗೆ ಹೊರಟಿದ್ದಾರೆ, ಹಲಗೆಯಾಚೆಯಿಂದ "ಮತ್ತೆ ಶುರು ಮಾಡಿದೆಯಾ ಅಕ್ಕಾ!" ಎಂಬ ಗೊಣಗಾಟ ಕೇಳಿಸುತ್ತಿದೆ. ದೂರಿನಿಂದ ಹಲಗೆ ಇಳಿದರೆ ಏನು ಗತಿ ಎಂದು ಕೇಳಿದರೆ ಟೈಪಕ್ಕ ಭುಜ ಕುಣಿಸುತ್ತಾರೆ. ನಿಮಗಾಗಿ ಏನಾದರೂ ಬೇಕೆನ್ನಿಸುವುದಿಲ್ಲವೇ ಎಂದರೆ ಮಾತ್ರ ಯೋಚಿಸುತ್ತಾರೆ. ಅವರ ಕಣ್ಣು ಮೆಟ್ಟಿಲ ಅಂಚಿನ ತುಕ್ಕುತೂತುಗಳ ಮೇಲಿದೆ.

"ಅಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಬೇಕು ಮೇಷ್ಟ್ರೇ. ಕೆಳಗಿಂದ ಮೇಲಿನ ತನಕ. ನನ್ನ ಕೈಲಿ ಆಗೋದು ಇಲ್ಲಿವರೆಗೆ ಮಾತ್ರ. ಹತ್ತೋದು ಅವರೇ ಹತ್ತಬೇಕು."